ಬಳ್ಳಾರಿ ಮಾಳಿಗೆಯಿಂದ ಜಗತ್ತಿಗೆ: ಅಂತರರಾಷ್ಟ್ರೀಯ ಹ್ಯಾಮ್ ರೇಡಿಯೊ ಕಾಂಟೆಸ್ಟ್‌ಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯ ಮಾಳಿಗೆ ಮೇಲೆ ನಿಂತು ನೋಡಿದರೆ ಯುರೋಪ್ ವಾಯವ್ಯ ಮೂಲೆಯಲ್ಲಿದೆ, ಉತ್ತರದಿಂದ ಲೆಕ್ಕ ಹಾಕಿದರೆ ಸುಮಾರು 319 ಡಿಗ್ರಿ. ಜಪಾನ್ ಈಶಾನ್ಯದಲ್ಲಿ, 57 ಡಿಗ್ರಿ. ಸಿಡ್ನಿ ಆಗ್ನೇಯದಲ್ಲಿ, 127. ದಕ್ಷಿಣ ಆಫ್ರಿಕಾ ನೈಋತ್ಯದಲ್ಲಿ, 229. ನಾಲ್ಕು ಮೂಲೆಗೆ ನಾಲ್ಕು ಖಂಡ. ಕೊಪ್ಪಳ, ರಾಯಚೂರಿನವರಿಗೂ ಇದೇ ಲೆಕ್ಕ. ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೆ ತಂತಿ ಆಂಟೆನಾಕ್ಕೆ ಏನೂ ವ್ಯತ್ಯಾಸವಿಲ್ಲ. ಹ್ಯಾಮ್ (ಹವ್ಯಾಸಿ) ರೇಡಿಯೊ ಕಾಂಟೆಸ್ಟ್ ಎಂದರೆ ನಿಗದಿತ ಗಂಟೆಗಳೊಳಗೆ ಜಗತ್ತಿನ ಆದಷ್ಟು ಹೆಚ್ಚು ಸ್ಟೇಷನ್‌ಗಳ ಜೊತೆ ಸಂಪರ್ಕ ಮಾಡಿ ಅಂಕ ಗಳಿಸುವ ಸ್ಪರ್ಧೆ. ಈ ಕೋನಗಳನ್ನು ಮೊದಲೇ ಹೇಳಲು ಕಾರಣವಿದೆ. 100 ವ್ಯಾಟ್ ರಿಗ್ (ರೇಡಿಯೊ ಸೆಟ್) ಮತ್ತು ತಂತಿ ಆಂಟೆನಾ ಇಟ್ಟುಕೊಂಡವರ ಅಂಕವನ್ನು ರಿಗ್ಗಿನ ಬೆಲೆ ತೀರ್ಮಾನಿಸುವುದಿಲ್ಲ. ತಂತಿ ಯಾವ ಕಡೆ ಮುಖ ಮಾಡಿದೆ, ಯಾವ ಗಂಟೆಗೆ ಯಾವ ಬ್ಯಾಂಡಿನಲ್ಲಿ (ತರಂಗಾಂತರ ಪಟ್ಟಿಯಲ್ಲಿ) ಕೂತಿದ್ದೀರಿ, ಇವೆರಡೇ ತೀರ್ಮಾನಿಸುತ್ತವೆ.

ಕಾಂಟೆಸ್ಟ್‌ಗಳು ಹತ್ತಾರಿವೆ. ಮೊದಲ ಸಲಕ್ಕೆ ಸಿಕ್ಯು ವರ್ಲ್ಡ್ ವೈಡ್ ಡಿಎಕ್ಸ್ ಕಾಂಟೆಸ್ಟ್‌ನ ಎಸ್‌ಎಸ್‌ಬಿ (ಮಾತಿನ) ಭಾಗವೇ ಒಳ್ಳೆಯದು, ಏಕೆಂದರೆ ಆ ಎರಡು ದಿನ ಬ್ಯಾಂಡುಗಳಲ್ಲಿ ಇರುವಷ್ಟು ಜನ ವರ್ಷದಲ್ಲಿ ಇನ್ಯಾವತ್ತೂ ಸಿಗುವುದು ಕಷ್ಟ. ಅಕ್ಟೋಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಎಸ್‌ಎಸ್‌ಬಿ, ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಮೋರ್ಸ್. ಶನಿವಾರ 0000 ಯುಟಿಸಿಯಿಂದ (ಜಾಗತಿಕ ಪ್ರಮಾಣ ಸಮಯ) ಭಾನುವಾರ 2359ರವರೆಗೆ 48 ಗಂಟೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ 5:30ಕ್ಕೆ ಶುರು, ಸೋಮವಾರ ಬೆಳಿಗ್ಗೆ 5:29ಕ್ಕೆ ಮುಕ್ತಾಯ. ಎರಡು ದಿನ ಬಿಡುವಿಲ್ಲದವರಿಗೆ ಜುಲೈ ಎರಡನೇ ಪೂರ್ಣ ವಾರಾಂತ್ಯದ ಐಎಆರ್‌ಯು ಎಚ್‌ಎಫ್ ಚಾಂಪಿಯನ್‌ಶಿಪ್ ಇದೆ. ಅದು 24 ಗಂಟೆಯದು, ನಮಗೆ ಶನಿವಾರ ಸಂಜೆ 5:30ರಿಂದ. ಅಲ್ಲಿ ಪ್ರತಿ ಸಂಪರ್ಕದಲ್ಲೂ ಹೇಳಬೇಕಾದ್ದು ಐಟಿಯು ಝೋನ್ (ಜಗತ್ತನ್ನು ಹಂಚಿದ ವಲಯಗಳಲ್ಲಿ ನಿಮ್ಮದರ ಸಂಖ್ಯೆ), ನಮಗೆ 41. ಅಕ್ಟೋಬರ್‌ನಲ್ಲಿ ಹೇಳುವ ಸಿಕ್ಯು ಝೋನ್ ಬೇರೆ, ಅದು 22. ಇವೆರಡನ್ನು ಅದಲುಬದಲು ಮಾಡಿದರೆ ಇಡೀ ಲಾಗ್ (ಸಂಪರ್ಕಗಳ ದಾಖಲೆ) ಕೆಡುತ್ತದೆ. ಮಾರ್ಚ್ ಕೊನೆಯ ಸಿಕ್ಯು ಡಬ್ಲ್ಯುಪಿಎಕ್ಸ್‌ನಲ್ಲಿ ಝೋನ್ ಬದಲು ಕ್ರಮಸಂಖ್ಯೆ ಕೊಡಬೇಕು. ಮುಂದೆ ಬರೆದಿರುವುದೆಲ್ಲ ಅಕ್ಟೋಬರ್‌ನ ಕಾಂಟೆಸ್ಟ್ ಕುರಿತದ್ದು.

ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಟ್ಟ ಲೈಸೆನ್ಸ್ ಕೈಯಲ್ಲಿದೆ ಎಂದುಕೊಂಡೇ ಮುಂದಿನ ಮಾತು. ಅದರಲ್ಲಿರುವ ಬ್ಯಾಂಡ್, ಮೋಡ್, ಶಕ್ತಿಮಿತಿ, ವಿಳಾಸ ನಾಲ್ಕನ್ನೂ ಇನ್ನೊಮ್ಮೆ ಓದಿ. ಕಾಂಟೆಸ್ಟ್ ನಿಯಮ ಏನೇ ಹೇಳಲಿ, ನಿಮಗೆ ಅನ್ವಯವಾಗುವುದು ಲೈಸೆನ್ಸ್. ಮನೆ ಬಿಟ್ಟು ಹೊಲದ ಶೆಡ್ಡಿನಿಂದ ನಡೆಸುವ ಆಲೋಚನೆ ಇದ್ದರೆ ಸ್ಥಳದ ಷರತ್ತನ್ನು ತಿಂಗಳ ಮೊದಲೇ ನೋಡಿಕೊಳ್ಳಿ.

ಅಂಕ ಬರುವ ಬಗೆ

ಬೇರೆ ಖಂಡದ ಸ್ಟೇಷನ್ ಸಿಕ್ಕರೆ 3 ಅಂಕ. ಏಷ್ಯಾದ ಬೇರೆ ದೇಶಕ್ಕೆ 1. ಭಾರತದೊಳಗಿನ ಸಂಪರ್ಕಕ್ಕೆ ಸೊನ್ನೆ, ಆದರೆ ದೇಶ ಮತ್ತು ಝೋನ್ ಲೆಕ್ಕಕ್ಕೆ ಅದು ಸೇರುತ್ತದೆ. ಪ್ರತಿ ಬ್ಯಾಂಡಿನಲ್ಲೂ ಹೊಸದಾಗಿ ಸಿಕ್ಕ ಒಂದೊಂದು ದೇಶ, ಒಂದೊಂದು ಝೋನ್ ಒಂದೊಂದು ಮಲ್ಟಿಪ್ಲೈಯರ್. ಒಟ್ಟು ಅಂಕವನ್ನು ಒಟ್ಟು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ನಿಮ್ಮ ಸ್ಕೋರ್.

ಯುರೋಪಿನ 220, ಏಷ್ಯಾದ 80 ಸಂಪರ್ಕ ಆಗಿವೆ ಎನ್ನಿ. 660ಕ್ಕೆ 80 ಕೂಡಿದರೆ 740. ಮಲ್ಟಿಪ್ಲೈಯರ್ 130 ಇದ್ದರೆ ಸ್ಕೋರ್ 96,200. ಈ ಹಂತದಲ್ಲಿ ಇನ್ನೊಂದು ಜರ್ಮನ್ ಸ್ಟೇಷನ್ ಸಿಕ್ಕರೆ 390 ಸೇರುತ್ತದೆ. ಹೊಸ ಮಲ್ಟಿಪ್ಲೈಯರ್ ಒಂದು ಸಿಕ್ಕರೆ 740 ಮತ್ತು ಆ ಸಂಪರ್ಕದ ಸ್ವಂತ ಅಂಕ. ಅಂದರೆ ಹೊಸ ಮಲ್ಟಿಪ್ಲೈಯರ್ ಒಂದರಿಂದಷ್ಟೇ ಸಿಗುವ ಹೆಚ್ಚಳ ಸುಮಾರು ಎರಡು ಜರ್ಮನ್ ಸಂಪರ್ಕದಷ್ಟು. ಅದಕ್ಕಾಗಿ ಐದು ನಿಮಿಷ ಕಾಯಬಹುದು, ಇಪ್ಪತ್ತು ನಿಮಿಷ ಕಾಯಬಾರದು. ಪೈಲಪ್ (ಒಂದೇ ಸ್ಟೇಷನ್ನನ್ನು ಹಲವರು ಒಟ್ಟಿಗೆ ಕರೆಯುವ ನೂಕುನುಗ್ಗಲು) ಮುಂದೆ ಕೂತಾಗ ಈ ಲೆಕ್ಕ ತಲೆಯಲ್ಲಿ ಇರಲಿ.

ಭೂಪಟ ನೋಡಿ ಖಂಡ ಊಹಿಸಬೇಡಿ. ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಓಷಿಯಾನಿಯಾ ಲೆಕ್ಕಕ್ಕೆ ಹೋಗುತ್ತವೆ, ಅವಕ್ಕೆ 3 ಅಂಕ. ಥಾಯ್ಲೆಂಡ್, ಶ್ರೀಲಂಕಾ, ಸೈಬೀರಿಯಾ, ಕಝಾಕಸ್ತಾನ್ ಏಷ್ಯಾ, 1 ಅಂಕ. ಬೆಳಗಿನ ಹೊತ್ತು ಜೋರಾಗಿ ಕೇಳುವ ಇಂಡೋನೇಷ್ಯಾದ ಸ್ಟೇಷನ್‌ಗಳನ್ನು 'ಪಕ್ಕದವರು' ಎಂದು ಬಿಟ್ಟು ಮುಂದೆ ಹೋಗುವುದು ನಮ್ಮ ಭಾಗದ ಹೊಸಬರ ಸಾಮಾನ್ಯ ತಪ್ಪು. ಅಂಡಮಾನ್ ಮತ್ತು ಲಕ್ಷದ್ವೀಪ ಈ ಪಟ್ಟಿಯಲ್ಲಿ ಬೇರೆ ದೇಶಗಳು, ಕೇಳಿದರೆ ಬಿಡಬೇಡಿ.

ವಿಭಾಗ ಆರಿಸುವಾಗ 100 ವ್ಯಾಟ್‌ವರೆಗೆ ಲೋ ಪವರ್, 5 ವ್ಯಾಟ್‌ವರೆಗೆ ಕ್ಯುಆರ್‌ಪಿ. ಕೈಯಲ್ಲಿ ಮಾಡಿದ 10 ವ್ಯಾಟ್ ಸೆಟ್ ಇದ್ದರೆ 5ಕ್ಕೆ ಇಳಿಸಿ ಕ್ಯುಆರ್‌ಪಿಯಲ್ಲಿ ಸೇರುವುದು ಜಾಣತನ. ಲೈಸೆನ್ಸ್ ಸಿಕ್ಕು 3 ವರ್ಷದೊಳಗಿದ್ದರೆ ರೂಕಿ ಎಂಬ ಹೆಚ್ಚುವರಿ ಪಟ್ಟಿಗೂ ಹೆಸರು ಕೊಡಿ. ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆಂದು ತೋರಿಸುವ ಇಂಟರ್ನೆಟ್ ಕ್ಲಸ್ಟರ್ ನೋಡಿಕೊಂಡು ಸ್ಟೇಷನ್ ಹುಡುಕಿದರೆ ನೀವು ಅಸಿಸ್ಟೆಡ್; ಒಮ್ಮೆ ನೋಡಿದರೂ ಅಷ್ಟೇ. ಎಲ್ಲ ಬ್ಯಾಂಡಿಗೆ ಆಂಟೆನಾ ಇಲ್ಲದಿದ್ದರೆ ಸಿಂಗಲ್ ಬ್ಯಾಂಡ್ 15 ಮೀಟರ್ ಆರಿಸಿ. ಹಗಲು ಪೂರ್ತಿ ಕೆಲಸ, ರಾತ್ರಿ ನಿದ್ದೆ.

ಆಂಟೆನಾ

ನಡುವೆ ಕೇಬಲ್ ಜೋಡಿಸಿ ಎರಡು ಕಡೆ ತಂತಿ ಎಳೆದ ಆಂಟೆನಾ ಡೈಪೋಲ್. ಅರ್ಧ ತರಂಗದ ಡೈಪೋಲ್ ಉದ್ದ ಮೀಟರ್‌ನಲ್ಲಿ ಬೇಕಾದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ (40 ಮೀಟರ್ ಬ್ಯಾಂಡ್) ಒಂದೊಂದು ಕಡೆ 10.07 ಮೀಟರ್, 14.2ಕ್ಕೆ (20 ಮೀಟರ್ ಬ್ಯಾಂಡ್) 5.03, 21.3ಕ್ಕೆ (15 ಮೀಟರ್ ಬ್ಯಾಂಡ್) 3.36, 28.5ಕ್ಕೆ (10 ಮೀಟರ್ ಬ್ಯಾಂಡ್) 2.51. ಮನೆ ವೈರಿಂಗ್‌ಗೆ ಬಳಸುವ 2.5 ಚದರ ಮಿಮೀ ಬಹು-ಎಳೆ ತಾಮ್ರದ ವೈರ್ ಸಾಕು. ಪಿವಿಸಿ ಹೊದಿಕೆ ಇರುವುದರಿಂದ ತಂತಿ ವಿದ್ಯುತ್ ಲೆಕ್ಕದಲ್ಲಿ ಸ್ವಲ್ಪ ಉದ್ದವಾಗಿ ವರ್ತಿಸುತ್ತದೆ. ಹಾಗಾಗಿ ಮೊದಲ ಅಳತೆಯಲ್ಲಿ ಅನುರಣನ (ಆಂಟೆನಾ ಹೊಂದಿಕೊಳ್ಳುವ ಫ್ರೀಕ್ವೆನ್ಸಿ) ಬೇಕಾದ್ದಕ್ಕಿಂತ ಕೆಳಗೆ ಬರುತ್ತದೆ. ಗಾಬರಿ ಬೇಡ, ಎರಡೂ ತುದಿಯಿಂದ ಸಮನಾಗಿ ಸ್ವಲ್ಪಸ್ವಲ್ಪವೇ ಕತ್ತರಿಸುತ್ತ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದಕ್ಕಿಂತ ತುದಿಯನ್ನು ಮಡಿಸಿ ತಂತಿಗೇ ಸುತ್ತುವುದು ಮೇಲು.

ಡೈಪೋಲ್ ತನ್ನ ಉದ್ದಕ್ಕೆ ಅಡ್ಡಲಾಗಿ ಹೆಚ್ಚು ಹೊರಸೂಸುತ್ತದೆ. ಯುರೋಪ್ ವಾಯವ್ಯದಲ್ಲಿದೆ, ಆದ್ದರಿಂದ ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಎಳೆಯಿರಿ. ಮೊಬೈಲ್ ದಿಕ್ಸೂಚಿಯಲ್ಲಿ ಒಂದು ತುದಿ 49, ಇನ್ನೊಂದು 229. ಆಗ ಒಂದು ಮುಖ ಯುರೋಪಿಗೆ, ಬೆನ್ನು ಆಸ್ಟ್ರೇಲಿಯಾಕ್ಕೆ. 335 ಡಿಗ್ರಿಯಲ್ಲಿರುವ ನ್ಯೂಯಾರ್ಕ್ ಕೂಡ ಅದೇ ಮುಖದೊಳಗೆ ಬರುತ್ತದೆ. ಮೂರೂ ಕಡೆ 3 ಅಂಕದವು. ತುದಿಯ ನೇರಕ್ಕೆ ಬಿದ್ದು ದುರ್ಬಲವಾಗುವುದು ಜಪಾನ್, ಅದು 1 ಅಂಕದ್ದು. ದಕ್ಷಿಣ ಆಫ್ರಿಕಾವೂ ಆ ತುದಿಗೇ ಬೀಳುತ್ತದೆ. ಅದನ್ನು ತುಂಬಲು ಎರಡನೇ ಆಂಟೆನಾ ಬೇಕು.

ಒಂದೇ ಕೋಆಕ್ಸ್ ಕೇಬಲ್‌ಗೆ 40, 20, 10 ಮೀಟರ್‌ಗಳ ಮೂರು ಜೊತೆ ತಂತಿ ಕಟ್ಟುವ ಫ್ಯಾನ್ ಡೈಪೋಲ್ ನಮ್ಮ ಮಾಳಿಗೆಗಳಿಗೆ ಚೆನ್ನಾಗಿ ಒಗ್ಗುತ್ತದೆ. 20 ಅಡಿಯ ಒಂದೂವರೆ ಇಂಚಿನ ಜಿಐ ಪೈಪನ್ನು ಮಾಳಿಗೆಯ ನೀರಿನ ಟ್ಯಾಂಕ್ ಕಟ್ಟೆಗೆ ಎರಡು ಕಡೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿ. ನೆಲಮಹಡಿ ಮನೆಯಾದರೂ ನಡುಬಿಂದು ನೆಲದಿಂದ 10 ಮೀಟರ್ ಹತ್ತಿರ ಬರುತ್ತದೆ. ತುದಿಗಳನ್ನು ಇಳಿಜಾರಾಗಿ ಎಳೆದು ಇನ್ವರ್ಟೆಡ್ ವೀ ಮಾಡಿ. ಎರಡು ಕಾಲುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗದಿರಲಿ. ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚು, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲೇ ಇರಬೇಕು. ಮೂರು ಜೊತೆಗಳ ತುದಿಗಳ ನಡುವೆ 40 ಸೆಂಮೀ ಅಂತರವಿರಲಿ. ವೈರಿಂಗ್ ಪಿವಿಸಿ ಪೈಪಿನ ತುಂಡಿಗೆ ತೂತು ಹಾಕಿ ಪೋಣಿಸಿದರೆ ಆಯಿತು. 40ರ ತಂತಿಯನ್ನು ಮೊದಲು ಹೊಂದಿಸಿ, ಆಮೇಲೆ 20, ಕೊನೆಗೆ 10. ತಂತಿಗಳು ಒಂದಕ್ಕೊಂದು ಪರಿಣಾಮ ಬೀರುವುದರಿಂದ ಮುಗಿದ ಮೇಲೆ ಮೂರನ್ನೂ ಇನ್ನೊಮ್ಮೆ ನೋಡಿ. ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ ಬೇಡ. ಬಳ್ಳಾರಿ ಬಿಸಿಲಿಗೆ ಅದು ಪುಡಿಯಾಗುತ್ತದೆ, ಕೈಯಲ್ಲಿ ಉಜ್ಜಿದರೆ ನಾರು ಉದುರುತ್ತದೆ.

21 ಮೆಗಾಹರ್ಟ್ಸ್ 7ರ ಮೂರು ಪಟ್ಟು ಆಗಿರುವುದರಿಂದ 40ರ ತಂತಿ 15 ಮೀಟರ್‌ನಲ್ಲೂ ಹೊಂದಿಕೊಳ್ಳುತ್ತದೆ. ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಾಣಿಕೆಯ ಅಳತೆ) ಚೆನ್ನಾಗಿ ಕಂಡಿತೆಂದು ಇಲ್ಲಿ ಮೋಸ ಹೋಗಬೇಡಿ. ಆ ಬ್ಯಾಂಡಿನಲ್ಲಿ ತಂತಿ ಒಂದೂವರೆ ತರಂಗ ಉದ್ದವಾಗಿ, ಶಕ್ತಿ ಅಡ್ಡಕ್ಕೆ ಹೋಗದೆ ತಂತಿಯಿಂದ ಸುಮಾರು 42 ಡಿಗ್ರಿ ಓರೆಯಾಗಿ ನಾಲ್ಕು ಕಡೆ ಹಂಚಿಹೋಗುತ್ತದೆ. ಯುರೋಪಿನ ಕಡೆ ಉಳಿಯುವುದು ಸಣ್ಣ ಪಾಲು. ಮಧ್ಯಾಹ್ನದ ನಿಮ್ಮ ಮುಖ್ಯ ಬ್ಯಾಂಡ್ 15 ಆಗಿರುವಾಗ ಇದು ದೊಡ್ಡ ನಷ್ಟ. 3.36 ಮೀಟರ್‌ನ ಎರಡು ತುಂಡು ತಂತಿ, ಬೇರೆ ಕೋಆಕ್ಸ್, ಎರಡು ಬಿದಿರು ಗಳ; ಅರ್ಧ ದಿನದ ಕೆಲಸದಲ್ಲಿ 15ಕ್ಕೆ ಪ್ರತ್ಯೇಕ ಡೈಪೋಲ್ ಆಗುತ್ತದೆ. ಮಾಡಿಯೇ ತೀರಿ.

ಜಪಾನ್, ಆಫ್ರಿಕಾಕ್ಕೆ 10 ಮೀಟರ್‌ನ ಗ್ರೌಂಡ್ ಪ್ಲೇನ್ ಸಾಕು: ನೇರ ನಿಂತ 2.5 ಮೀಟರ್ ತಂತಿ, ಬುಡದಿಂದ 45 ಡಿಗ್ರಿ ಕೆಳಗಿಳಿದ ಅಷ್ಟೇ ಉದ್ದದ ನಾಲ್ಕು ರೇಡಿಯಲ್ ತಂತಿ. ಎಲ್ಲ ದಿಕ್ಕಿಗೂ ಕೇಳುತ್ತದೆ. ಕೊಪ್ಪಳದ ಬಂಡೆ ಮೇಲಿನ ಮನೆಗಳಲ್ಲಿ ನೆಲದ ಮೇಲೆ ನಿಲ್ಲಿಸುವ ವರ್ಟಿಕಲ್ ಕೆಲಸ ಮಾಡುವುದಿಲ್ಲ, ರೇಡಿಯಲ್‌ಗಳು ಮೇಲೆಯೇ ಇರಬೇಕು. ಮಂಗಗಳ ಕಾಟ ಇರುವ ಊರಿನಲ್ಲಿ ಕೋಆಕ್ಸನ್ನು ಪೈಪಿನ ಒಳಗಿನಿಂದಲೇ ಇಳಿಸಿ. ನೇತಾಡುವ ಕೇಬಲ್ ಅವುಗಳಿಗೆ ಉಯ್ಯಾಲೆ.

ಕೋಆಕ್ಸ್ ವಿಷಯದಲ್ಲಿ ಉಳಿತಾಯ ಬೇಡ. 25 ಮೀಟರ್ ಆರ್‌ಜಿ-58 ಕೇಬಲ್ 28 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡಿಬಿ ತಿನ್ನುತ್ತದೆ, 100 ವ್ಯಾಟ್ ಹೊರಟರೆ ಆಂಟೆನಾ ಮುಟ್ಟುವುದು 63. ಆರ್‌ಜಿ-213ರಲ್ಲಿ ನಷ್ಟ 1 ಡಿಬಿಯೊಳಗೆ. ಆಂಟೆನಾ ಬುಡದಲ್ಲಿ ಕೋಆಕ್ಸನ್ನೇ ದೊಡ್ಡ ಫೆರೈಟ್ ಉಂಗುರಕ್ಕೆ 8ರಿಂದ 10 ಸುತ್ತು ಹಾಕಿ ಚೋಕ್ ಮಾಡಿ. ಇಲ್ಲದಿದ್ದರೆ ಕೇಬಲ್‌ನ ಹೊರಮೈ ಕೂಡ ಆಂಟೆನಾ ಆಗಿ, ಮನೆಯೊಳಗಿನ ಸದ್ದನ್ನೆಲ್ಲ ರಿಸೀವರ್‌ಗೆ ತರುತ್ತದೆ, ನೀವು ಮಾತಾಡಿದಾಗ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ.

ಅರ್ತ್ ರಾಡ್ ಎರೆ ಮಣ್ಣಿನಲ್ಲಿ ಹೂತಿದ್ದರೆ ಬೇಸಿಗೆಯಲ್ಲಿ ನೆಲ ಬಿರಿದು ರಾಡಿನ ಸುತ್ತ ಬೆರಳು ಹೋಗುವಷ್ಟು ಸಂದಿ ಬಿದ್ದಿರುತ್ತದೆ. ಮಳೆಗಾಲ ಮುಗಿದ ಮೇಲೂ ಒಮ್ಮೆ ನೋಡಿ, ಮಣ್ಣು ದಮ್ಮಸ್ಸು ಮಾಡಿ ನೀರು ಹಾಕಿ. ಅಕ್ಟೋಬರ್ ಕೊನೆಯಲ್ಲಿ ಹಿಂಗಾರಿನ ಗುಡುಗು ಇದ್ದೇ ಇರುತ್ತದೆ. ಮಿಂಚು ಕಂಡ ತಕ್ಷಣ ಕೋಆಕ್ಸ್ ಬಿಚ್ಚಿ ಕಿಟಕಿಯಾಚೆ ಹಾಕಿ, ಯಾವ ಮಲ್ಟಿಪ್ಲೈಯರ್ ಕರೆಯುತ್ತಿದ್ದರೂ ಸರಿ.

ಸದ್ದು ಹುಡುಕುವ ಕೆಲಸ, ಎರಡು ವಾರ ಮೊದಲು

ನಿಮ್ಮ ಮಾತು ಇಟಲಿಗೆ ಕೇಳಿಸಿ, ಅವರ ಉತ್ತರ ನಿಮಗೆ ಕೇಳಿಸದಿದ್ದರೆ ಸಂಪರ್ಕವಿಲ್ಲ. ಆ ಉತ್ತರವನ್ನು ಮುಚ್ಚಿಹಾಕುವುದು ವಿದ್ಯುತ್ ಉಪಕರಣಗಳಿಂದ ರಿಸೀವರ್‌ಗೆ ಬರುವ ಸದ್ದು. ರಿಗ್ಗನ್ನು ಬ್ಯಾಟರಿಗೆ ಹಾಕಿ, 7.1ರಲ್ಲಿ ಎಸ್-ಮೀಟರ್ (ಸಿಗ್ನಲ್ ಬಲ ತೋರಿಸುವ ಮೀಟರ್) ನೋಡಿ ಬರೆದುಕೊಳ್ಳಿ. ಮನೆಯ ಮೇನ್ ಆಫ್ ಮಾಡಿ. ಸದ್ದು ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋಗಿ. ಸಿಗುವುದು ಹೆಚ್ಚಾಗಿ ಅಗ್ಗದ ಎಲ್‌ಇಡಿ ಬಲ್ಬ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್, ಮೊಬೈಲ್ ಚಾರ್ಜರ್, ಇಲ್ಲವೇ ಯುಪಿಎಸ್. ಬಲ್ಬಾದರೆ ಬದಲಿಸಿ. ಅಡಾಪ್ಟರಾದರೆ ಅದರ ವೈರನ್ನು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಹಾಕಿ.

ಮೇನ್ ಆಫ್ ಮಾಡಿದರೂ ಇಳಿಯದಿದ್ದರೆ ಸಣ್ಣ ಎಎಂ ರೇಡಿಯೊವನ್ನು ಖಾಲಿ ಜಾಗಕ್ಕೆ ಟ್ಯೂನ್ ಮಾಡಿ ಓಣಿಯಲ್ಲಿ ನಡೆಯಿರಿ. ಕಂಬದ ಹತ್ತಿರ ಕರಕರ ಜೋರಾಗುತ್ತ ಹೋದರೆ ಇನ್ಸುಲೇಟರ್ ಅಥವಾ ಸಡಿಲ ಜೋಡಣೆ. ಧೂಳು ಕೂತ ಇನ್ಸುಲೇಟರ್ ಮೇಲೆ ಬೆಳಗಿನ ಇಬ್ಬನಿ ಬಿದ್ದಾಗ ಸದ್ದು ಹೆಚ್ಚುತ್ತದೆ, ಬಿಸಿಲೇರಿದ ಮೇಲೆ ಇಳಿಯುತ್ತದೆ. ಕಂಬದ ನಂಬರ್ ಬರೆದುಕೊಂಡು ಲಿಖಿತ ದೂರು ಕೊಡಿ, ನೀವೇ ಕಂಬ ಮುಟ್ಟಲು ಹೋಗಬೇಡಿ. ಗಂಗಾವತಿ, ಸಿಂಧನೂರು ಕಡೆ ಗದ್ದೆ ಬಯಲಿನಲ್ಲಿರುವವರಿಗೆ ಸೋಲಾರ್ ಪಂಪಿನ ಡ್ರೈವ್ ದೊಡ್ಡ ತಲೆನೋವು. ಬಿಸಿಲು ಇಳಿದಂತೆ ಸದ್ದೂ ಇಳಿದರೆ ಅದೇ ಎಂದು ತಿಳಿಯಿರಿ. ದೀಪಾವಳಿ ಆ ವಾರಕ್ಕೇ ಬಿದ್ದರೆ ಅಕ್ಕಪಕ್ಕದ ಸೀರಿಯಲ್ ಸೆಟ್‌ಗಳದ್ದೂ ಸೇರುತ್ತದೆ. ಮೊದಲೇ ಮಾತಾಡಿ, ಯಾವುದು ತೊಂದರೆ ಕೊಡುತ್ತದೆಂದು ತೋರಿಸಿದರೆ ನೆರೆಯವರು ಸಹಕರಿಸುತ್ತಾರೆ.

ಕರೆಂಟ್

100 ವ್ಯಾಟ್ ರಿಗ್ ಮಾತಿನ ಏರಿಳಿತದಲ್ಲಿ 20ರಿಂದ 22 ಆಂಪಿಯರ್‌ವರೆಗೆ ಎಳೆಯುತ್ತದೆ, ಕೇಳುವಾಗ ಒಂದು ಚಿಲ್ಲರೆ. ಎಸ್‌ಎಸ್‌ಬಿಯಲ್ಲಿ ಸರಾಸರಿ ತೆಗೆದರೆ ಗಂಟೆಗೆ ನಾಲ್ಕೈದು ಆಂಪಿಯರ್-ಅವರ್. ಮನೆಯ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೂ ಸುಮಾರು 15 ಗಂಟೆ ಬರುತ್ತದೆ. ಬ್ಯಾಟರಿಯಿಂದ ರಿಗ್‌ಗೆ ವೈರ್ ಎರಡು ಮೀಟರ್ ಮೀರದಿರಲಿ, ದಪ್ಪ 6 ಚದರ ಮಿಮೀ ಇರಲಿ. 20 ಆಂಪಿಯರ್ ಎಳೆದಾಗ ಅದರಲ್ಲಿ ಕಾಲು ವೋಲ್ಟ್ ಹೋಗುತ್ತದೆ, 2.5 ಚದರ ಮಿಮೀ ಆದರೆ 0.6 ವೋಲ್ಟ್. 12.2ರಲ್ಲಿರುವ ಬ್ಯಾಟರಿಗೆ ಆ ಅರ್ಧ ವೋಲ್ಟೇ ಗಡಿರೇಖೆ. 11.7ರ ಕೆಳಗೆ ರಿಗ್ ಶಕ್ತಿ ಕುಂದಿ ಧ್ವನಿ ಒಡೆಯುತ್ತದೆ, ಕೆಲವು ರಿಗ್ ತಾನೇ ಆಫ್ ಆಗುತ್ತವೆ. ಫ್ಯೂಸ್ ಬ್ಯಾಟರಿ ತುದಿಯಲ್ಲಿ, ಎರಡೂ ವೈರಿಗೆ.

ಕಂಪ್ಯೂಟರ್ ಮತ್ತು ಲಾಗ್

ಸಂಪರ್ಕ ದಾಖಲಿಸುವ ಎನ್1ಎಂಎಂ ಲಾಗರ್ ಪ್ಲಸ್ ತಂತ್ರಾಂಶ ಉಚಿತ, ವಿಂಡೋಸ್‌ನಲ್ಲಿ ನಡೆಯುತ್ತದೆ. ಸ್ಟೇಷನ್ ಮಾಹಿತಿಯಲ್ಲಿ ಸಿಕ್ಯು ಝೋನ್ 22, ಐಟಿಯು ಝೋನ್ 41, ಗ್ರಿಡ್ (ಭೂಪಟದ ಚೌಕದ ಸಂಕೇತ) ಬಳ್ಳಾರಿ ಮತ್ತು ಕೊಪ್ಪಳ ನಗರಕ್ಕೆ ಎಂಕೆ85, ರಾಯಚೂರಿಗೆ ಎಂಕೆ86. ಹೊಸ ಲಾಗ್ ತೆರೆದು ಸಿಕ್ಯು ವರ್ಲ್ಡ್ ವೈಡ್ ಎಸ್‌ಎಸ್‌ಬಿ ಆರಿಸಿ, ರಿಗ್ಗನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ. ಬ್ಯಾಂಡ್ ಬದಲಿಸಿದಾಗ ಪರದೆಯಲ್ಲೂ ತಾನಾಗಿ ಬದಲಾಗಬೇಕು. ಇದು ಆಗದಿದ್ದರೆ 15ರ ಸಂಪರ್ಕಗಳೆಲ್ಲ 20ರಲ್ಲಿ ದಾಖಲಾಗಿ ಪೂರ್ತಿ ವ್ಯರ್ಥ. ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಎಫ್1 ಒತ್ತಿದರೆ ನಿಮ್ಮದೇ ಧ್ವನಿಯ ಸಿಕ್ಯು (ಯಾರಾದರೂ ಉತ್ತರಿಸಿ ಎಂಬ ಕರೆ) ಹೋಗುವಂತೆ ರೆಕಾರ್ಡ್ ಮಾಡಿಡಿ. ಎರಡನೇ ದಿನ ಗಂಟಲು ಉಳಿಯುವುದು ಇದರಿಂದಲೇ.

ಮೈಕ್ ಗೇನ್ ಏರಿಸಿದಷ್ಟೂ ದೂರ ಕೇಳುತ್ತದೆ ಎಂಬುದು ತಪ್ಪು. ಎಎಲ್‌ಸಿ (ಶಕ್ತಿ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಮೀಟರ್ ತನ್ನ ಪಟ್ಟಿಯೊಳಗೇ ಆಡಬೇಕು. ಅದು ಮೀರಿದರೆ ಧ್ವನಿ ಅಗಲವಾಗಿ ಚೆಲ್ಲಿ ಪಕ್ಕದವರ ಕೆಲಸ ಕೆಡುತ್ತದೆ, ನಿಮ್ಮ ಕಾಲ್ ಸೈನ್ (ಲೈಸೆನ್ಸ್ ಜೊತೆ ಸಿಕ್ಕ ಗುರುತಿನ ಸಂಕೇತ) ಅಸ್ಪಷ್ಟವಾಗುತ್ತದೆ. ಕಾಂಟೆಸ್ಟ್ ವೇಳೆ ನಾಯ್ಸ್ ಬ್ಲ್ಯಾಂಕರ್ ಆಫ್ ಇರಲಿ, 40ರಲ್ಲಿ ಪ್ರಿಆಂಪ್ ಆಫ್, ಫಿಲ್ಟರ್ 2 ಕಿಲೋಹರ್ಟ್ಸ್ ಹತ್ತಿರ.

ಗಂಟೆಯ ಪ್ರಕಾರ ಬ್ಯಾಂಡ್

ಅಕ್ಟೋಬರ್ ಕೊನೆಗೆ ಬಳ್ಳಾರಿಯಲ್ಲಿ ಸೂರ್ಯೋದಯ ಸುಮಾರು 6:15ಕ್ಕೆ, ಸೂರ್ಯಾಸ್ತ 5:55ಕ್ಕೆ. ಶನಿವಾರ 5:30ಕ್ಕೆ ಕಾಂಟೆಸ್ಟ್ ತೆರೆದಾಗ ನಿಮ್ಮಲ್ಲಿ ಇನ್ನೂ ನಸುಕು, ಯುರೋಪಿನಲ್ಲಿ ನಡುರಾತ್ರಿ. 40 ಮೀಟರ್‌ನಿಂದ ಶುರು ಮಾಡಿ, ಬೆಳಕು ಹರಿಯುವವರೆಗೆ ಮುಕ್ಕಾಲು ಗಂಟೆ ಸಿಗುತ್ತದೆ. ಸೂರ್ಯ ಮೇಲೇರಿದ ಮೇಲೆ 15, ಆಮೇಲೆ 10: ಆಸ್ಟ್ರೇಲಿಯಾ, ಇಂಡೋನೇಷ್ಯಾ, ಜಪಾನ್, ಅದೃಷ್ಟವಿದ್ದರೆ ಅಮೆರಿಕದ ಪಶ್ಚಿಮ ಕರಾವಳಿ. ಹತ್ತೂವರೆ ಸುಮಾರಿಗೆ ಬ್ಯಾಂಡ್ ಮಂದವಾಗುತ್ತದೆ, ರೊಟ್ಟಿ ಊಟ ಆಗಲೇ ಮುಗಿಸಿ. ಏಕೆಂದರೆ ಹನ್ನೆರಡರಿಂದ ಯುರೋಪ್ 15ರಲ್ಲೂ 10ರಲ್ಲೂ ಎದ್ದು ಬರುತ್ತದೆ, ಸಂಜೆಯವರೆಗೆ ಎದ್ದೇಳುವ ಹಾಗಿಲ್ಲ. ಈ ಐದಾರು ಗಂಟೆಯೇ ನಿಮ್ಮ ಸ್ಕೋರಿನ ಬೆನ್ನೆಲುಬು. ಆರೂವರೆಯಿಂದ ಎಂಟೂವರೆಯವರೆಗೆ ಅಮೆರಿಕದ ಪೂರ್ವ ಕರಾವಳಿಯನ್ನು ಹುಡುಕಿ. ಆಮೇಲೆ 20ರಲ್ಲಿ ಯುರೋಪ್, ಒಂಬತ್ತೂವರೆ ನಂತರ 40. ರಾತ್ರಿ 1ರಿಂದ 4:30ರವರೆಗೆ ಮಲಗಿ.

25ನೇ ಸೌರಚಕ್ರ (ಸೂರ್ಯನ ಚಟುವಟಿಕೆಯ ಏರಿಳಿತದ ಚಕ್ರ) 2024ರ ಸುಮಾರಿಗೆ ಶಿಖರ ಮುಟ್ಟಿದೆ. ಚಕ್ರ ಇಳಿದಂತೆ 10 ಮೀಟರ್ ಮೊದಲು ಮಂಕಾಗುತ್ತದೆ. ಆಗ ಮೇಲಿನ ವೇಳಾಪಟ್ಟಿಯನ್ನು ಒಂದೊಂದು ಬ್ಯಾಂಡ್ ಕೆಳಗೆ ಸರಿಸಿ. ಯಾವುದು ತೆರೆದಿದೆ ಎಂದು ತಿಳಿಯಲು 14.100, 21.150, 28.200ರಲ್ಲಿ ಸರದಿಯಂತೆ ಮೋರ್ಸ್ ಕಳಿಸುವ ಅಂತರರಾಷ್ಟ್ರೀಯ ಬೀಕನ್‌ಗಳನ್ನು ಮೂರು ನಿಮಿಷ ಕೇಳಿ. ಫಿನ್ಲೆಂಡಿನದು ಕೇಳಿದರೆ ಉತ್ತರ ಯುರೋಪಿನ ಬಾಗಿಲು ತೆರೆದಿದೆ.

ಅಮೆರಿಕದವರು ಎಸ್‌ಎಸ್‌ಬಿಯಲ್ಲಿ ಮಾತಾಡುವುದು 14.150, 21.200, 28.300ರ ಮೇಲೆ, 40ರಲ್ಲಿ 7.125ರ ಮೇಲೆ. ನಮಗೆ 40 ಮೀಟರ್ ಇರುವುದು 7.200ರವರೆಗೆ. ಹಾಗಾಗಿ 40ರಲ್ಲಿ ಅವರನ್ನು ಹಿಡಿಯಲು 7.125ರಿಂದ 7.200ರ ನಡುವಿನ ಕಿರಿದಾದ ಓಣಿಯಷ್ಟೇ ಉಳಿಯುತ್ತದೆ.

ಮೈಕ್ ಮುಂದೆ

ಮೊದಲ ಗಂಟೆ ಇತರರ ಸಿಕ್ಯುಗೆ ಉತ್ತರಿಸಿ. ಬ್ಯಾಂಡಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುತ್ತ, ಕೇಳಿದ ಪ್ರತಿ ಸ್ಟೇಷನ್ ಕರೆಯಿರಿ. ನಿಮ್ಮ ಕಾಲ್ ಸೈನ್ ಒಂದೇ ಸಲ, ಫೊನೆಟಿಕ್ಸ್‌ನಲ್ಲಿ (ಅಕ್ಷರಕ್ಕೊಂದು ಪದದಂತೆ). ಅವರ ಕಾಲ್ ಸೈನ್ ಮತ್ತೆ ಹೇಳಬೇಡಿ, ಅದು ಅವರಿಗೆ ಗೊತ್ತು. ಅವರು 'ಫೈವ್ ನೈನ್ ಫೋರ್ಟೀನ್' (ಸಿಗ್ನಲ್ ವರದಿ 59, ಝೋನ್ 14) ಎಂದರೆ ನೀವು 'ಥ್ಯಾಂಕ್ಯೂ, ಫೈವ್ ನೈನ್ ಟೂ ಟೂ'. ನಮ್ಮ ಬಾಯಿಗೆ ಬರುವ 'ಡಬಲ್ ಟೂ' ಇಲ್ಲಿ ಬೇಡವೇ ಬೇಡ. ಸ್ಪೇನ್, ರಷ್ಯಾದವರಿಗೆ ಅದು ಅರ್ಥವಾಗದೆ ಮೂರು ಸಲ ಮತ್ತೆ ಕೇಳುತ್ತಾರೆ. ವಿ ಮತ್ತು ಡಬ್ಲ್ಯು ಕನ್ನಡದ ಬಾಯಲ್ಲಿ ಒಂದೇ ಆಗುತ್ತವೆ. 'ವಿಕ್ಟರ್' ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ, 'ವಿಸ್ಕಿ'ಗೆ ತುಟಿ ದುಂಡಗಾಗಲಿ. ಅಭ್ಯಾಸಕ್ಕೆ ಹತ್ತು ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ.

ಕೈ ಪಳಗಿದ ಮೇಲೆ ಖಾಲಿ ಜಾಗ ಹುಡುಕಿ, ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ ಎಂದು ಎರಡು ಸಲ ಕೇಳಿ, ನೀವೇ ಸಿಕ್ಯು ಕರೆಯಿರಿ. ಕರೆ ಚುಟುಕಾಗಿರಲಿ, ನಡುವೆ ಎರಡು ಮೂರು ಸೆಕೆಂಡ್ ಕೇಳಿ. ಕಾಂಟೆಸ್ಟ್‌ನಲ್ಲಿ ಕೂತ ಪ್ರತಿ ಯುರೋಪಿಯನ್‌ಗೂ ಭಾರತ ಒಂದು ಮಲ್ಟಿಪ್ಲೈಯರ್. ಝೋನ್ 22 ಹೆಚ್ಚಿನವರಿಗೆ ಸುಲಭಕ್ಕೆ ಸಿಗುವುದೂ ಇಲ್ಲ. ಆದ್ದರಿಂದ ಒಮ್ಮೆ ಕ್ಲಸ್ಟರ್‌ನಲ್ಲಿ ನಿಮ್ಮ ಹೆಸರು ಬಂತೆಂದರೆ ನೂರು ವ್ಯಾಟ್‌ಗೂ ಪೈಲಪ್ ಮುಗಿಬೀಳುತ್ತದೆ. ಆಗ ಸಿಕ್ಕ ಎರಡೇ ಅಕ್ಷರ ಹಿಡಿದು ಅದನ್ನೇ ಕರೆಯಿರಿ. ಆ ಸ್ಟೇಷನ್ ಮುಗಿಯುವವರೆಗೆ ಬೇರೆ ಯಾರು ಎಷ್ಟೇ ಜೋರಾಗಿ ಕೂಗಿದರೂ ಉತ್ತರ ಕೊಡಬೇಡಿ. ಒಮ್ಮೆ ಶಿಸ್ತು ಸಡಿಲಿಸಿದರೆ ಎಲ್ಲರೂ ಎಲ್ಲ ಹೊತ್ತಿಗೂ ಕೂಗುತ್ತಾರೆ. ಪ್ರತಿ ಸಂಪರ್ಕದ ಕೊನೆಗೆ 'ಥ್ಯಾಂಕ್ಯೂ' ಜೊತೆ ನಿಮ್ಮ ಕಾಲ್ ಸೈನ್ ಹೇಳಿ. ಉತ್ತರ ಬರುವುದು ನಿಂತು ಐದು ನಿಮಿಷವಾದರೆ ಜಾಗ ಬಿಟ್ಟು ಮತ್ತೆ ಹುಡುಕಾಟಕ್ಕೆ ಇಳಿಯಿರಿ.

ಪರದೆಯಲ್ಲಿ ತಾನಾಗಿ ತುಂಬಿಕೊಳ್ಳುವ ಝೋನ್ ನಂಬಬೇಡಿ, ಕಿವಿಗೆ ಬಿದ್ದದ್ದನ್ನೇ ಬರೆಯಿರಿ. ಅಮೆರಿಕ 3, 4, 5 ಮೂರು ಝೋನ್‌ಗಳಲ್ಲಿ ಹರಡಿದೆ, ಕಾಲ್ ಸೈನ್ ನೋಡಿ ಹೇಳಲಾಗದು. ಕಾಲ್ ಸೈನ್ ಅನುಮಾನವಿದ್ದರೆ ಅಲ್ಲೇ ಕೇಳಿ. ತಪ್ಪು ಕಾಲ್ ಸೈನ್‌ಗೆ ಆ ಸಂಪರ್ಕವೂ ಹೋಗುತ್ತದೆ, ಮೇಲೆ ದಂಡವಾಗಿ ಅಂಕವೂ ಕಡಿತವಾಗುತ್ತದೆ. ಅದೇ ಸ್ಟೇಷನ್ ಎರಡನೇ ಸಲ ಕರೆದರೆ ವಾದ ಬೇಡ, ಮತ್ತೆ ಲಾಗ್ ಮಾಡಿ. ಅದಕ್ಕೆ ದಂಡವಿಲ್ಲ, ಮೊದಲನೆಯದು ಅವರಲ್ಲಿ ದಾಖಲಾಗಿರಲಿಕ್ಕಿಲ್ಲ.

ಮುಗಿದ ಮೇಲೆ

ಲಾಗನ್ನು ಕ್ಯಾಬ್ರಿಲೊ ಎಂಬ ಕಡತ ರೂಪದಲ್ಲಿ ಹೊರತೆಗೆದು, ಮೇಲ್ಭಾಗದ ವಿಭಾಗ, ಶಕ್ತಿ, ಅಸಿಸ್ಟೆಡ್ ಸಾಲುಗಳನ್ನು ಓದಿ ನೋಡಿ ಕಳಿಸಿ. ಗಡುವು ಅದೇ ವಾರದ ಶುಕ್ರವಾರ 2359 ಯುಟಿಸಿ, ನಮಗೆ ಶನಿವಾರ ಬೆಳಿಗ್ಗೆ 5:29. ಶುಕ್ರವಾರ ರಾತ್ರಿಗೆ ಬಿಡದೆ ಸೋಮವಾರವೇ ಕಳಿಸುವುದು ಲೇಸು. ಐವತ್ತೇ ಸಂಪರ್ಕವಾಗಿದ್ದರೂ ಕಳಿಸಿ, ನಿಮ್ಮ ಲಾಗ್‌ನಿಂದಲೇ ಬೇರೆಯವರ ಲಾಗ್ ತಾಳೆ ನೋಡುತ್ತಾರೆ. ಫಲಿತಾಂಶದ ಜೊತೆ ಲಾಗ್ ಪರಿಶೀಲನೆಯ ವರದಿ ಸಿಗುತ್ತದೆ. ಅದರಲ್ಲಿ ತಪ್ಪಿದ ಕಾಲ್ ಸೈನ್‌ಗಳನ್ನು ಎರಡು ಸಾಲಾಗಿ ಬರೆಯಿರಿ: ನೀವು ಕೇಳಿದ್ದು ಒಂದು ಕಡೆ, ಸರಿಯಾದ್ದು ಇನ್ನೊಂದು ಕಡೆ. ಇ ಮತ್ತು ಐ, ಬಿ ಮತ್ತು ಡಿ ಪದೇಪದೇ ಅದಲುಬದಲಾಗಿದ್ದರೆ ಕಿವಿಯ ಅಭ್ಯಾಸ ಅಲ್ಲೇ ಬೇಕು. ತಪ್ಪುಗಳೆಲ್ಲ ಒಂದೇ ಬ್ಯಾಂಡಿನವಾಗಿದ್ದರೆ ಆ ಬ್ಯಾಂಡಿನ ಸದ್ದನ್ನು ಹುಡುಕಿ. ಕೊನೆಯ ನಾಲ್ಕು ಗಂಟೆಯಲ್ಲೇ ಗುಂಪುಗೂಡಿದ್ದರೆ ಮುಂದಿನ ವರ್ಷ ಶನಿವಾರ ರಾತ್ರಿ ಇನ್ನೊಂದು ಗಂಟೆ ಹೆಚ್ಚು ಮಲಗಿ.